ಎಂಜಿನ್ ಒಡೆದಾಗ: ಹಳೆಯ ಬ್ರಿಟಿಷ್ ಬೈಕುಗಳ ರೋಗ, ರಿಪೇರಿ

ಟ್ರಯಂಫ್, ಬಿಎಸ್‌ಎ, ನಾರ್ಟನ್‌ನಂಥ ಹಳೆಯ ಬ್ರಿಟಿಷ್ ಮೋಟಾರ್‌ಸೈಕಲ್ಲುಗಳ ಎಂಜಿನ್ ಹಾಳಾಗುವುದು ಒಂದೇ ಬಗೆಯಲ್ಲಲ್ಲ. ಪಿಸ್ಟನ್ ಸಿಲಿಂಡರಿನೊಳಗೆ ಕಚ್ಚಿಕೊಂಡು ನಿಂತುಬಿಡಬಹುದು. ಮೆಕ್ಯಾನಿಕ್ಕರು ಸೀಜ್ ಎನ್ನುವುದು ಇದನ್ನೇ. ಪಿಸ್ಟನ್ನಿನ ನೆತ್ತಿ ತೂತಾಗಬಹುದು. ವಾಲ್ವಿನ ತಲೆ ಮುರಿದು ಪಿಸ್ಟನ್ನಿನ ಮೇಲೆ ಬೀಳಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಕನೆಕ್ಟಿಂಗ್ ರಾಡ್ ತುಂಡಾಗಿ, ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸನ್ನು ಒಡೆದುಕೊಂಡು ಹೊರಗೆ ಬರುವುದು. ಇಷ್ಟರಲ್ಲಿ ಯಾವುದೇ ಆಗಲಿ, ಮುರಿದ ಭಾಗ ಬೇರೆ, ಅದು ಮುರಿಯಲು ಕಾರಣ ಬೇರೆ. ರಾಡ್ ಹೋಯಿತೆಂದು ಹೊಸ ರಾಡ್ ಹಾಕಿ ಮುಚ್ಚಿದರೆ ಅದೂ ಹೋಗುತ್ತದೆ. ಅದಕ್ಕೆ ಎಣ್ಣೆ ತಲುಪದಂತೆ ತಡೆದ ಕೊಳೆ ಇನ್ನೂ ಒಳಗೇ ಕೂತಿರುತ್ತದೆ. ಹಾಗಾಗಿ ಇಂಥ ಎಂಜಿನ್ನಿಗೆ ಸ್ಪ್ಯಾನರ್ ಹಾಕುವ ಮೊದಲು ಅದು ಏಕೆ ಒಡೆಯಿತೆಂದು ಕೇಳಿಕೊಳ್ಳಬೇಕು. ಉತ್ತರ ಬಹಳ ಸಲ ಎಣ್ಣೆಯ ದಾರಿಯಲ್ಲೇ ಸಿಗುತ್ತದೆ.

ಒಂದೇ ವಿನ್ಯಾಸ, ಬೆಳೆಯುತ್ತ ಹೋದ ಸಿಸಿ

1937ರಲ್ಲಿ ಟ್ರಯಂಫ್ ಕಂಪನಿಯ ಎಡ್ವರ್ಡ್ ಟರ್ನರ್ ಸ್ಪೀಡ್ ಟ್ವಿನ್ ಎಂಬ 500 ಸಿಸಿ ಬೈಕನ್ನು ಹೊರತಂದರು. ಎರಡು ಸಿಲಿಂಡರ್ ಅಕ್ಕಪಕ್ಕ, ಎರಡೂ ಪಿಸ್ಟನ್ ಒಟ್ಟಿಗೆ ಮೇಲೇರಿ ಒಟ್ಟಿಗೆ ಕೆಳಗಿಳಿಯುವ ರಚನೆ. ಅಗಲದಲ್ಲಿ ಅದು ಒಂಟಿ ಸಿಲಿಂಡರಿನ ಎಂಜಿನ್ನಿಗಿಂತ ಹೆಚ್ಚಿರಲಿಲ್ಲ, ಓಟ ಮಾತ್ರ ಎಷ್ಟೋ ನಯವಾಗಿತ್ತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಿಎಸ್‌ಎ, ನಾರ್ಟನ್, ರಾಯಲ್ ಎನ್‌ಫೀಲ್ಡ್ ಕೂಡ ಇದೇ ಹಾದಿ ಹಿಡಿದವು.

ಅಮೆರಿಕದ ಗಿರಾಕಿಗಳು ಇನ್ನೂ ವೇಗ ಕೇಳಿದರು. ಕಂಪನಿಗಳು ಹೊಸ ಎಂಜಿನ್ ಮಾಡುವ ಬದಲು ಇದ್ದುದನ್ನೇ ಹಿಗ್ಗಿಸುತ್ತ ಹೋದವು. 1959ರ ಟ್ರಯಂಫ್ ಬಾನವಿಲ್ ಟಿ120 ಹೊತ್ತಿಗೆ ಅದು 649 ಸಿಸಿ ಆಗಿತ್ತು. 1970ರ ದಶಕದ ಟಿ140ರಲ್ಲಿ 744 ಸಿಸಿ. ನಾರ್ಟನ್ 1949ರಲ್ಲಿ 497 ಸಿಸಿಯಿಂದ ಹೊರಟು, 1973ರಲ್ಲಿ 828 ಸಿಸಿಯ ಕಮಾಂಡೋ ತನಕ ಬಂತು. ಕ್ರ್ಯಾಂಕಿಗೆ ಆಧಾರ ಮಾತ್ರ ಎರಡು ತುದಿಯ ಎರಡು ಬೇರಿಂಗ್‌ಗಳಷ್ಟೇ, ನಡುವೆ ಮೂರನೆಯದಿರಲಿಲ್ಲ. ಹೆಚ್ಚು ವೇಗದಲ್ಲಿ ಕ್ರ್ಯಾಂಕ್ ಬಿಲ್ಲಿನಂತೆ ಬಾಗುತ್ತದೆ. 500 ಸಿಸಿಯಲ್ಲಿ ಸಹಿಸಿಕೊಂಡದ್ದನ್ನು 750 ಸಿಸಿಯಲ್ಲಿ ಅದು ಸಹಿಸಲಿಲ್ಲ.

ಎಣ್ಣೆ ಹೋಗುವ ದಾರಿ

ಈ ಎಂಜಿನ್ನುಗಳದ್ದು ಡ್ರೈ ಸಂಪ್ ಪದ್ಧತಿ. ಎಣ್ಣೆ ಎಂಜಿನ್ನಿನ ತಳದಲ್ಲಿ ನಿಲ್ಲುವುದಿಲ್ಲ, ಬೇರೆಯೇ ಟ್ಯಾಂಕಿನಲ್ಲಿರುತ್ತದೆ. ಪಂಪಿಗೆ ಎರಡು ಪಾಲು: ಒಂದು ಎಣ್ಣೆಯನ್ನು ಒಳಗೆ ಕಳಿಸುತ್ತದೆ, ಇನ್ನೊಂದು ತಳಕ್ಕೆ ಇಳಿದದ್ದನ್ನು ಎತ್ತಿ ಟ್ಯಾಂಕಿಗೆ ಮರಳಿಸುತ್ತದೆ. ಕೇಸಿನಲ್ಲಿ ಎಣ್ಣೆ ತುಂಬಿಕೊಳ್ಳಬಾರದೆಂದು ಎರಡನೆಯ ಪಾಲಿನ ಶಕ್ತಿ ಹೆಚ್ಚಾಗಿಟ್ಟಿರುತ್ತಾರೆ. ಟ್ರಯಂಫಿನ ಪಂಪಿನಲ್ಲಿ ಮೇಲೆ ಕೆಳಗೆ ಆಡುವ ಎರಡು ಪ್ಲಂಜರ್, ಅವುಗಳ ಕೆಳಗೆ ಪುಟ್ಟ ಉಕ್ಕಿನ ಗುಂಡುಗಳ ವಾಲ್ವ್. ಒಂದು ಗುಂಡಿನಡಿ ಮರಳಿನ ಕಣ ಸಿಕ್ಕಿಕೊಂಡರೂ ಆ ಪಾಲು ಸತ್ತಂತೆಯೇ.

ಎಂಜಿನ್ ಶುರುವಾದ ಕೂಡಲೇ ಟ್ಯಾಂಕಿನ ಮುಚ್ಚಳ ತೆಗೆದು, ಎಣ್ಣೆ ಮರಳಿ ಬರುತ್ತಿದೆಯೇ ಎಂದು ನೋಡುವ ರೂಢಿ ಸವಾರರಲ್ಲಿದೆ. ಒಳ್ಳೆಯ ರೂಢಿಯೇ. ಆದರೆ ಅದರಿಂದ ಗೊತ್ತಾಗುವುದು ಪಂಪ್ ತಿರುಗುತ್ತಿದೆ ಎಂಬುದಷ್ಟೇ. ಕ್ರ್ಯಾಂಕಿನ ಒಳಗೆ, ರಾಡು ಕ್ರ್ಯಾಂಕಿಗೆ ಸೇರುವ ಬಿಗ್ ಎಂಡಿನವರೆಗೆ ಎಣ್ಣೆ ಮುಟ್ಟಿತೇ ಎಂಬುದು ಗೊತ್ತಾಗುವುದಿಲ್ಲ. ಒಳಗೆ ಹೋಗುವ ಎಣ್ಣೆಯ ಒತ್ತಡವನ್ನಾದರೂ ತಿಳಿಯಲು ಪ್ರೆಷರ್ ಗೇಜ್ ಬೇಕು. 650 ಸಿಸಿ ಟ್ರಯಂಫ್ ಬಿಸಿಯಾಗಿ ಓಡುವಾಗ ಸುಮಾರು 65ರಿಂದ 80 ಪಿಎಸ್‌ಐ, ಐಡ್ಲಿಂಗಿನಲ್ಲಿ 20ರ ಆಸುಪಾಸು ಇದ್ದರೆ ಆರೋಗ್ಯ ಚೆನ್ನಾಗಿದೆ ಎಂದು ಲೆಕ್ಕ.

ಬೈಕು ತಿಂಗಳುಗಟ್ಟಲೆ ನಿಂತಲ್ಲೇ ನಿಂತರೆ ಟ್ಯಾಂಕಿನ ಎಣ್ಣೆ ಸವೆದ ಪಂಪಿನ ಸಂದಿಯಿಂದ ಜಿನುಗಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಕಮಾಂಡೋ ಇದಕ್ಕೆ ಹೆಸರುವಾಸಿ. ಇದನ್ನರಿಯದವರು ಟ್ಯಾಂಕ್ ಖಾಲಿಯಾಗಿದೆ ಎಂದು ಮತ್ತೆ ಎಣ್ಣೆ ಸುರಿಯುತ್ತಾರೆ. ತಳದ ಪ್ಲಗ್ ಬಿಚ್ಚಿ ಇಳಿದ ಎಣ್ಣೆಯನ್ನು ತೆಗೆದು, ಆಮೇಲೆ ಕಿಕ್ ಹೊಡೆಯುವುದು ಕ್ರಮ.

ಕ್ರ್ಯಾಂಕಿನೊಳಗಿನ ಸ್ಲಡ್ಜ್ ಟ್ರ್ಯಾಪ್

ಟ್ರಯಂಫ್ ಮತ್ತು ಬಿಎಸ್‌ಎ ಟ್ವಿನ್‌ಗಳ ಬಗ್ಗೆ ಒಂದೇ ವಿಷಯ ತಿಳಿದುಕೊಳ್ಳಬೇಕೆಂದಿದ್ದರೆ ಅದು ಇದು. ಆ ಕಾಲದ ಈ ಎಂಜಿನ್ನುಗಳಲ್ಲಿ ಈಗಿನಂತೆ ಕಾಗದದ ಆಯಿಲ್ ಫಿಲ್ಟರ್ ಇರಲಿಲ್ಲ, ತಂತಿಯ ಜಾಲರಿ ಮಾತ್ರ ಇತ್ತು. ಸಣ್ಣ ಕೊಳೆಯನ್ನು ಹಿಡಿಯುವ ಕೆಲಸವನ್ನು ಕ್ರ್ಯಾಂಕಿಗೇ ಒಪ್ಪಿಸಿದ್ದರು. ಕ್ರ್ಯಾಂಕಿನೊಳಗೆ ಒಂದು ಕೊಳವೆ, ಅದೇ ಸ್ಲಡ್ಜ್ ಟ್ರ್ಯಾಪ್; ಎಣ್ಣೆ ಅದರ ಮೂಲಕ ಎರಡೂ ಬಿಗ್ ಎಂಡ್‌ಗಳಿಗೆ ಹೋಗಬೇಕು. ಕ್ರ್ಯಾಂಕ್ ಗಿರ್ರನೆ ತಿರುಗುವಾಗ ಭಾರವಾದ ಕೊಳೆ ಹೊರಗೋಡೆಗೆ ಎಸೆಯಲ್ಪಟ್ಟು ಅಲ್ಲೇ ಅಂಟಿಕೊಳ್ಳುತ್ತದೆ. ಶುದ್ಧ ಎಣ್ಣೆ ಮುಂದೆ ಸಾಗುತ್ತದೆ. ಜಾಣ ಉಪಾಯವೇ, ಆದರೆ ಆ ಕೊಳವೆಯನ್ನು ಶುಚಿ ಮಾಡಬೇಕಾದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಕ್ರ್ಯಾಂಕ್ ಹೊರತೆಗೆಯಬೇಕು. ಯಾರು ಅಷ್ಟು ಮಾಡುತ್ತಾರೆ?

ಹೀಗೆ ವರ್ಷಗಳುರುಳಿ ಕೊಳೆ ಗಟ್ಟಿ ಮಣ್ಣಿನಂತಾಗಿ ಕೊಳವೆ ತುಂಬುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಟ್ಯಾಂಕಿಗೆ ಎಣ್ಣೆ ಮರಳುತ್ತಲೇ ಇರುತ್ತದೆ, ಗೇಜಿನಲ್ಲಿ ಪ್ರೆಷರ್ ಕೂಡ ತೋರಿಸುತ್ತದೆ. ಒಂದು ದಿನ ಉದ್ದನೆಯ ರಸ್ತೆಯಲ್ಲಿ ಬಿಗ್ ಎಂಡ್ ಒಣಗಿ, ಬೇರಿಂಗ್ ಶೆಲ್ ಕರಗಿ, ರಾಡ್ ಕ್ರ್ಯಾಂಕಿಗೆ ಕಚ್ಚಿಕೊಂಡು ತುಂಡಾಗುತ್ತದೆ. ಹಳೆಯ ಟ್ವಿನ್ ಬೈಕು ಕೊಳ್ಳುವವರು, ಎಂಜಿನ್ ಕೆಲಸ ಆಗಿದೆ ಎಂದು ಮಾರುವವರು ಹೇಳಿದರೆ ಬೋರು, ಪಿಸ್ಟನ್ನಿನ ವಿಚಾರ ಆಮೇಲೆ ಕೇಳಲಿ. ಸ್ಲಡ್ಜ್ ಟ್ರ್ಯಾಪ್ ತೆಗೆದು ತೊಳೆದಿದ್ದೀರಾ ಎಂದು ಮೊದಲು ಕೇಳಲಿ. ಇಲ್ಲ ಎಂದರೆ, ಆ ಎಂಜಿನ್ನಿನ ಕೆಲಸ ಇನ್ನೂ ಬಾಕಿ ಇದೆ ಎಂದೇ ನಾನು ಎಣಿಸುತ್ತೇನೆ.

ಟ್ರ್ಯಾಪಿನ ತುದಿಯ ಪ್ಲಗ್ ಸಡಿಲವಾಗದಂತೆ ಅದರ ಅಂಚನ್ನು ಪಂಚಿನಿಂದ ಬಡಿದು ಕೂರಿಸಿರುತ್ತಾರೆ. ಆ ಗುರುತನ್ನು ಡ್ರಿಲ್ಲಿನಿಂದ ತೆಗೆದು, ಬಿಸಿ ಮಾಡಿ, ಪ್ಲಗ್ ಬಿಚ್ಚಬೇಕು. ಕೊಳವೆಯನ್ನು ಫ್ಲೈವೀಲಿನ ಒಂದು ಬೋಲ್ಟ್ ಹಿಡಿದಿರುತ್ತದೆ. ಅದನ್ನು ಮೊದಲು ತೆಗೆಯದೆ ಎಳೆದರೆ ಕೊಳವೆ ಬರುವುದಿಲ್ಲ, ಹರಿದುಹೋಗುತ್ತದೆ.

ಬಿಎಸ್‌ಎ ಎ65: ಬಲಗಡೆಯ ಬುಷ್

1962ರಲ್ಲಿ ಬಂದ 654 ಸಿಸಿಯ ಎ65ರಲ್ಲಿ ಕ್ರ್ಯಾಂಕಿನ ಎಡತುದಿಗೆ ಉರುಳುವ ಬೇರಿಂಗ್, ಬಲತುದಿಗೆ ಬರೀ ಬುಷ್. ಎಣ್ಣೆ ಕ್ರ್ಯಾಂಕನ್ನು ಹೊಗುವುದೇ ಈ ಬುಷ್ಷಿನ ಮೂಲಕ. ಬುಷ್ ಸವೆದಂತೆ ಸಂದಿ ಅಗಲವಾಗಿ, ಕ್ರ್ಯಾಂಕಿಗೆ ಹೋಗಬೇಕಾದ ಎಣ್ಣೆ ಅಲ್ಲೇ ಪಕ್ಕಕ್ಕೆ ಸೋರುತ್ತದೆ. ಹತ್ತಿರದ ಬಲ ಬಿಗ್ ಎಂಡಿಗೆ ಒಂದಿಷ್ಟು ಸಿಗುತ್ತದೆ. ದೂರದ ಎಡದ್ದು ಹಸಿದು ಹೋಗುತ್ತದೆ. ಎ65ರಲ್ಲಿ ಮುರಿಯುವುದು ಹೆಚ್ಚಾಗಿ ಎಡಗಡೆಯ ರಾಡೇ ಏಕೆ ಎಂಬುದಕ್ಕೆ ಇದೇ ಕಾರಣ. ಮುರಿದದ್ದು ಎಡದಲ್ಲಿ, ರೋಗ ಬಲದಲ್ಲಿ. ಎಡ ರಾಡನ್ನು ಬದಲಿಸಿ ಬುಷ್ಷನ್ನು ಮುಟ್ಟದೆ ಬಿಟ್ಟರೆ ಇತಿಹಾಸ ಮರುಕಳಿಸುತ್ತದೆ.

ಇದಕ್ಕೆ ಎರಡು ಪರಿಹಾರ. ಹೊಸ ಬುಷ್ ಕೂರಿಸಿ, ಎರಡೂ ಕೇಸುಗಳನ್ನು ಜೋಡಿಸಿಕೊಂಡು ಒಂದೇ ನೇರದಲ್ಲಿ ಬೋರ್ ಮಾಡಿಸುವುದು ಒಂದು. ಬುಷ್ ತೆಗೆದು ರೋಲರ್ ಬೇರಿಂಗ್ ಹಾಕಿ, ಎಣ್ಣೆಯನ್ನು ಕ್ರ್ಯಾಂಕಿನ ತುದಿಯಿಂದಲೇ ನೇರವಾಗಿ ಒಳಗೆ ಬಿಡುವುದು ಇನ್ನೊಂದು. ಬ್ರಿಟನ್ನಿನ ಪರಿಣತರು ದಶಕಗಳಿಂದ ಇದನ್ನು ಮಾಡುತ್ತ ಬಂದಿದ್ದಾರೆ. ನಿಯಮಿತವಾಗಿ ಎಣ್ಣೆ ಬದಲಿಸುವವರಿಗೆ ಮೊದಲನೆಯದೇ ಸಾಕು.

ನಾರ್ಟನ್ ಕಾಂಬ್ಯಾಟ್, 1972

ಕಾರ್ಖಾನೆಯೇ ಎಂಜಿನ್ನಿನ ಮಿತಿ ದಾಟಿದ ಉದಾಹರಣೆ ಇದು. 1972ರಲ್ಲಿ ನಾರ್ಟನ್ ತನ್ನ 745 ಸಿಸಿ ಕಮಾಂಡೋಗೆ ಕಾಂಬ್ಯಾಟ್ ಎಂಬ ಎಂಜಿನ್ ಕೊಟ್ಟಿತು. ಕಂಪ್ರೆಷನ್ 10ಕ್ಕೆ 1, ಬಿರುಸಿನ ಕ್ಯಾಮ್‌ಶಾಫ್ಟ್, 65 ಅಶ್ವಶಕ್ತಿ ಎಂಬ ಘೋಷಣೆ. ಕೆಲವೇ ಸಾವಿರ ಮೈಲಿಗಳಲ್ಲಿ ಮೈನ್ ಬೇರಿಂಗ್‌ಗಳು ಹಾಳಾಗತೊಡಗಿದವು. ರೋಲರ್‌ಗಳು ನೇರವಾಗಿದ್ದವು, ಕ್ರ್ಯಾಂಕ್ ಬಾಗುತ್ತಿತ್ತು. ಬಾಗಿದಾಗೆಲ್ಲ ರೋಲರಿನ ಚೂಪು ಅಂಚು ಬೇರಿಂಗಿನ ಹಾದಿಯನ್ನು ಕೊರೆಯುತ್ತಿತ್ತು. ಪಿಸ್ಟನ್‌ಗಳಲ್ಲೂ ತೊಂದರೆ ಇತ್ತು: ಎಣ್ಣೆ ಉಂಗುರದ ಹಿಂದೆ ಎಣ್ಣೆ ಇಳಿಯಲೆಂದು ಉದ್ದನೆಯ ಸೀಳು ಕೊಟ್ಟಿದ್ದರು, ಆ ಸೀಳಿನ ಗುಂಟ ಪಿಸ್ಟನ್ನಿನ ತಲೆ ಕಳಚಿ ಬರುತ್ತಿತ್ತು.

ಕಂಪನಿ ಕಲಿತದ್ದು ಬೇಗ. ಅಂಚುಗಳನ್ನು ತುಸು ದುಂಡಾಗಿಸಿದ ರೋಲರುಗಳ ಬೇರಿಂಗ್ ಬಂತು. ಸೂಪರ್‌ಬ್ಲೆಂಡ್ ಎಂಬ ಹೆಸರಿನಲ್ಲಿ ಇವತ್ತಿಗೂ ಕಮಾಂಡೋ ಸವಾರರ ಬಾಯಲ್ಲಿದೆ. ಸೀಳಿನ ಬದಲು ಸಣ್ಣ ರಂಧ್ರಗಳಿರುವ ಪಿಸ್ಟನ್ ಬಂತು, ಕಂಪ್ರೆಷನ್ ಇಳಿಯಿತು. ಆದರೆ ಅಷ್ಟರಲ್ಲಿ ವಾರಂಟಿ ಖರ್ಚು ಮತ್ತು ಕೆಟ್ಟ ಹೆಸರು ಎರಡೂ ನಾರ್ಟನ್ ತಲೆಗೆ ಸುತ್ತಿಕೊಂಡಿದ್ದವು, ಅದೂ ಜಪಾನಿನ ಹೊಂಡಾ ಸಿಬಿ750 ಎದುರು ನಿಂತಿದ್ದ ಹೊತ್ತಿನಲ್ಲಿ. ಈ ವಿನ್ಯಾಸದ ಮೇಲೆ ಎಷ್ಟೇ ಪ್ರೀತಿಯಿದ್ದರೂ ಕಾಂಬ್ಯಾಟ್ ಎಂಜಿನ್ನನ್ನು ಹಳೆಯ ಬಗೆಯ ಬೇರಿಂಗಿನಲ್ಲೇ ಮೂಲರೂಪಕ್ಕೆ ಕಟ್ಟುವುದನ್ನು ನಾನು ಒಪ್ಪಲಾರೆ. ಬದಲಾಯಿಸಿದ ಬೇರಿಂಗ್ ಹೊರಗೆ ಕಾಣುವುದಿಲ್ಲ, ಎಂಜಿನ್ನನ್ನು ಮಾತ್ರ ಉಳಿಸುತ್ತದೆ.

ಉರಿಯಿಂದ ಆಗುವ ಹಾನಿ

ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬಿದ್ದಿದ್ದರೆ ಎಣ್ಣೆಯನ್ನು ದೂರುವಂತಿಲ್ಲ. ಕಿಡಿಯ ಟೈಮಿಂಗ್ ಹೆಚ್ಚು ಮುಂದಕ್ಕೆ ಹೋಗಿರಬೇಕು, ಇಲ್ಲವೇ ಪೆಟ್ರೋಲ್ ಕಡಿಮೆ ಬಿದ್ದು ಗಾಳಿ ಹೆಚ್ಚಾಗಿರಬೇಕು. 1960ರ ದಶಕದ ನಡುವಿನ ಟ್ವಿನ್‌ಗಳಲ್ಲಿದ್ದ ಲೂಕಸ್ 4ಸಿಎ ಪಾಯಿಂಟ್‌ಗಳಲ್ಲಿ ಎರಡು ಸಿಲಿಂಡರಿನ ಟೈಮಿಂಗನ್ನು ಬೇರೆಬೇರೆಯಾಗಿ ಸರಿಹೊಂದಿಸಲು ಅನುಕೂಲವಿರಲಿಲ್ಲ. ಒಂದಕ್ಕೆ ಸರಿಯಾಗಿ ಇಟ್ಟರೆ ಇನ್ನೊಂದು ತಪ್ಪುತ್ತಿತ್ತು. 1968ರ 6ಸಿಎಯಲ್ಲಿ ಈ ಕೊರತೆ ನೀಗಿತು. ತೂತು ಒಂದೇ ಪಿಸ್ಟನ್ನಿಗೆ ಬಿದ್ದಿದ್ದರೆ ಈ ಕಡೆಗೂ ಕಣ್ಣು ಹಾಯಿಸಬೇಕು. ವೇಗಕ್ಕೆ ತಕ್ಕಂತೆ ಟೈಮಿಂಗ್ ಬದಲಿಸುವ ತೂಕದ ತುಂಡುಗಳು ಸವೆದು ಸಿಕ್ಕಿಕೊಂಡಿರುವುದೂ ಉಂಟು.

ನಮ್ಮ ದೇಶದಲ್ಲಿ ಈಗ ಇನ್ನೊಂದು ಕಾರಣ ಸೇರಿದೆ. ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಹಳೆಯ ಅಮಾಲ್ ಕಾರ್ಬುರೇಟರಿನ ಮೂಲ ಜೆಟ್ಟಿಗೆ ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ಸ್ಪಾರ್ಕ್ ಪ್ಲಗ್ಗಿನ ತುದಿ ಬಿಳಿಚಿಕೊಂಡಿದ್ದರೆ ಒಂದೆರಡು ಅಳತೆ ದೊಡ್ಡ ಮೈನ್ ಜೆಟ್ ಹಾಕಬೇಕು. ಪ್ಲಗ್ಗಿನ ಮೇಲೆ ಬೆಳ್ಳಿಯಂಥ ಚುಕ್ಕೆ ಕಂಡರೆ ಪಿಸ್ಟನ್ ಆಗಲೇ ಕರಗತೊಡಗಿದೆ ಎಂದರ್ಥ, ಅಲ್ಲಿಗೇ ನಿಲ್ಲಿಸಬೇಕು.

ಒಡೆದ ಕ್ಷಣದಲ್ಲಿ

ಸದ್ದು ಬದಲಾದ ಕೂಡಲೇ ಕ್ಲಚ್ ಹಿಡಿದು ಬೈಕನ್ನು ಪಕ್ಕಕ್ಕೆ ತರಬೇಕು. ಹಿಂದಿನ ಚಕ್ರ ಕಚ್ಚಿ ಜಾರುವ ಮೊದಲು ಸವಾರನಿಗೆ ಸಿಗುವುದು ಅರೆಕ್ಷಣ. ನಿಂತ ಮೇಲೆ, ಏನಾಗಿದೆ ನೋಡೋಣ ಎಂದು ಮತ್ತೊಮ್ಮೆ ಕಿಕ್ ಹೊಡೆಯುವ ಆಸೆಯನ್ನು ತಡೆದುಕೊಳ್ಳಬೇಕು. ಒಂದು ಸಾವಿರದಲ್ಲಿ ಮುಗಿಯುವ ಕೆಲಸ ಆ ಒಂದು ಕಿಕ್ಕಿನಿಂದ ಲಕ್ಷಕ್ಕೆ ಏರಬಹುದು. ಕೇಸ್ ಒಡೆದಿದ್ದರೆ ರಸ್ತೆಯ ಮೇಲೆ ಬಿದ್ದ ಅಲ್ಯೂಮಿನಿಯಂ ಚೂರುಗಳನ್ನೆಲ್ಲ ಆರಿಸಿಕೊಳ್ಳಬೇಕು. ವೆಲ್ಡಿಂಗ್ ಮಾಡುವವನಿಗೆ ಮೂಲದ ಚೂರು ಸಿಕ್ಕರೆ ತೂತನ್ನು ಹೊಸ ಲೋಹದಿಂದ ತುಂಬುವುದಕ್ಕಿಂತ ಎಷ್ಟೋ ಸಲೀಸು.

ಸೀಜ್ ಮಾತ್ರ ಆಗಿದ್ದರೆ ಎಂಜಿನ್ ತಣಿದ ಮೇಲೆ ಎಷ್ಟೋ ಸಲ ತಾನಾಗಿ ಬಿಡುತ್ತದೆ. ಆಗಲೂ ಹೆಡ್ ಬಿಚ್ಚಿ ಬೋರು ನೋಡದೆ ಓಡಿಸಬಾರದು.

ಬಿಚ್ಚುವಾಗ ಓದಬೇಕಾದ್ದು

ಬಿಚ್ಚುವ ಮೊದಲು ತೊಳೆಯುವ ಅಭ್ಯಾಸ ನಮ್ಮ ಗ್ಯಾರೇಜುಗಳಲ್ಲಿ ಬಹಳ. ಹೊರಮೈ ತೊಳೆಯಲಿ, ಒಳಗಿನ ಎಣ್ಣೆಯನ್ನು ಸುಮ್ಮನೆ ಚೆಲ್ಲಬಾರದು. ಅದನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಉಳಿದ ಚೂರುಗಳನ್ನು ಬಿಸಿಲಿನಲ್ಲಿ ನೋಡಬೇಕು. ಆಯಸ್ಕಾಂತಕ್ಕೆ ಅಂಟುವುದು ಉಕ್ಕು: ಬೇರಿಂಗ್, ಕ್ಯಾಮ್, ಗೇರಿನದು. ಅಂಟದ ಬೆಳ್ಳನೆ ಹೊಳಪು ಪಿಸ್ಟನ್ನಿನದು. ಬಂಗಾರದ ಬಣ್ಣ ಕಂಚಿನ ಬುಷ್ಷಿನದು. ಬೂದುಬಣ್ಣದ ಮೆತ್ತಗಿನ ಪದರ ಬಿಗ್ ಎಂಡ್ ಶೆಲ್ಲಿನದು.

ಒಂದೊಂದು ಭಾಗ ತೆಗೆದಾಗಲೂ ಫೋಟೊ ತೆಗೆದು, ಎಡದ್ದು ಬಲದ್ದು ಬೇರೆ ಮಾಡಿ ಇಡಬೇಕು. ಎರಡೂ ಬದಿಯನ್ನು ಹೋಲಿಸಿದಾಗಲೇ ಕಾರಣ ಹೊರಬೀಳುವುದು. ಪಿಸ್ಟನ್ ಮೈಯೆಲ್ಲ ಗೀರಾಗಿದ್ದರೆ ಎಣ್ಣೆಯ ಕೊರತೆ ಅಥವಾ ಬೋರು ಬಿಗಿ. ಸುತ್ತ ನಾಲ್ಕು ಕಡೆ ಮಾತ್ರ ಗೀರಿದ್ದರೆ ಅತಿಯಾದ ಬಿಸಿ.

ಸ್ಪ್ಯಾನರ್ ವಿಷಯದಲ್ಲಿ ಎಚ್ಚರ ಬೇಕು. 1960ರ ದಶಕದ ಕೊನೆಯವರೆಗೆ ಈ ಬೈಕುಗಳಲ್ಲಿದ್ದದ್ದು ವಿಟ್‌ವರ್ತ್, ಬಿಎಸ್‌ಎಫ್ ಮತ್ತು ಸೈಕಲ್ ಥ್ರೆಡ್‌ಗಳು. ಆಮೇಲೆ ಅಮೆರಿಕದ ಯುಎನ್‌ಎಫ್ ಜಾತಿ ಬೆರೆಯತೊಡಗಿತು. ಮಿಲಿಮೀಟರ್ ಸ್ಪ್ಯಾನರ್ ಹತ್ತಿರಹತ್ತಿರ ಕೂರುತ್ತದೆಂದು ತಿರುಗಿಸಿದರೆ ನಟ್ಟಿನ ಮೂಲೆ ಹೋಗುತ್ತದೆ. ಬಲವಂತವಾಗಿ ಬೇರೆ ಥ್ರೆಡ್ಡಿನ ಬೋಲ್ಟ್ ತೂರಿಸಿ ಕೇಸನ್ನೇ ಕೆಡಿಸಿದ ಎಂಜಿನ್ನುಗಳು ಈ ದೇಶದಲ್ಲಿ ಎಷ್ಟೋ ಇವೆ.

ಕೇಸ್ ಉಳಿಸಿಕೊಳ್ಳುವುದು

ಪಿಸ್ಟನ್, ರಾಡ್, ಕ್ರ್ಯಾಂಕ್ ಎಲ್ಲವನ್ನೂ ಕೊಳ್ಳಬಹುದು. ಎಂಜಿನ್ ನಂಬರ್ ಕೊರೆದಿರುವ ಕ್ರ್ಯಾಂಕ್‌ಕೇಸನ್ನು ಕೊಳ್ಳಲಾಗದು. ಕಾರ್ಖಾನೆಯಲ್ಲಿ ಎರಡೂ ಅರ್ಧಗಳನ್ನು ಜೋಡಿಸಿಯೇ ಬೇರಿಂಗಿನ ಜಾಗ ಕೊರೆದಿರುತ್ತಾರೆ. ತಳದಲ್ಲಿ ಎರಡಕ್ಕೂ ಒಂದೇ ಜೋಡಿ ಸಂಖ್ಯೆ ಒತ್ತಿರುವುದನ್ನು ಟ್ರಯಂಫ್, ಬಿಎಸ್‌ಎಗಳಲ್ಲಿ ಕಾಣಬಹುದು. ಗುಜರಿಯಲ್ಲಿ ಸಿಕ್ಕ ಬೇರೆ ಅರ್ಧವನ್ನು ತಂದು ಕೂಡಿಸಿದರೆ ಬೇರಿಂಗ್‌ಗಳು ಒಂದೇ ನೇರದಲ್ಲಿ ಬರುವುದಿಲ್ಲ. ಆದ್ದರಿಂದ ಒಡೆದದ್ದನ್ನೇ ಬೆಸೆಯುವುದು ಮೇಲು. ದಶಕಗಳ ಎಣ್ಣೆ ಕುಡಿದ ಲೋಹ ಅದು. ಚೆನ್ನಾಗಿ ಶುಚಿ ಮಾಡಿ, ಇಡೀ ಕೇಸನ್ನು ಮೊದಲು ಬಿಸಿಗೇರಿಸಿ, ಟಿಗ್ ವೆಲ್ಡಿಂಗ್ ಮಾಡಿ, ನಿಧಾನಕ್ಕೆ ಆರಲು ಬಿಡಬೇಕು. ಬೆಸುಗೆ ಬೇರಿಂಗಿನ ಹತ್ತಿರ ಬಂದಿದ್ದರೆ ನೇರ ಅಳೆದು, ಬೇಕಾದರೆ ಮತ್ತೆ ಬೋರ್ ಮಾಡಿಸಬೇಕು.

ಭಾರತದಲ್ಲಿ ಇದಕ್ಕೆ ಕಾನೂನಿನ ಕಾರಣವೂ ಇದೆ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು. ಕರ್ನಾಟಕದಲ್ಲಾದರೆ ನಂಬರ್ ಪ್ಲೇಟಿನಲ್ಲಿ ಕೆಎ ನಂತರ ವಿಎ ಎಂದು ಬರುತ್ತದೆ. ವಾಹನ ಮೂಲರೂಪದಲ್ಲಿರಬೇಕು, ಚಾಸಿ ಮತ್ತು ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಅದರ ಷರತ್ತು.

ಲೇತಿನ ಕೆಲಸ

ಬೋರು ಗೀರಾಗಿದ್ದರೆ ಕೊರೆದು ದೊಡ್ಡ ಪಿಸ್ಟನ್ ಹಾಕುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಪಿಸ್ಟನ್‌ಗಳು ಮೂಲಕ್ಕಿಂತ 10, 20, 30, 40 ತೌ (ಇಂಚಿನ ಸಾವಿರದ ಒಂದು ಪಾಲು) ದೊಡ್ಡ ಅಳತೆಯಲ್ಲಿ ಸಿಗುತ್ತವೆ. ಮೊದಲು ಪಿಸ್ಟನ್ ಕೈಗೆ ಬರಲಿ, ಅದನ್ನು ಅಳೆದು ಆಮೇಲೆ ಬೋರ್ ಮಾಡಿಸಲಿ.

ಕ್ರ್ಯಾಂಕಿನ ಕೆಲಸ ಸೂಕ್ಷ್ಮ. ಗ್ರೈಂಡ್ ಮಾಡುವ ಮೊದಲು ಬಿರುಕು ಪರೀಕ್ಷೆ ಮಾಡಿಸಬೇಕು. ಬಿಗ್ ಎಂಡಿನ ದಿಂಡು ಪಕ್ಕದ ಗೋಡೆಗೆ ಸೇರುವ ಮೂಲೆಯಲ್ಲಿ ಸಣ್ಣ ದುಂಡುತನ ಇರುತ್ತದೆ. ಗ್ರೈಂಡರಿನವನು ಅದನ್ನು ಚೌಕ ಮಾಡಿಬಿಟ್ಟರೆ ಮುಂದೆ ಕ್ರ್ಯಾಂಕ್ ತುಂಡಾಗುವುದು ಅದೇ ಮೂಲೆಯಿಂದ. ಅಲ್ಯೂಮಿನಿಯಂ ಮಿಶ್ರಲೋಹದ ಹಳೆಯ ರಾಡ್ ನೋಡಲು ಚೆನ್ನಾಗಿದ್ದರೂ ಒಳಗೆ ದಣಿದಿರುತ್ತದೆ. ಒಂದು ರಾಡ್ ಮುರಿದಿದ್ದರೆ ಜೊತೆಯದನ್ನೂ ಬದಲಿಸಬೇಕು. ರಾಡಿನ ಬೋಲ್ಟ್ ನಟ್ಟುಗಳನ್ನಂತೂ ಎರಡನೆಯ ಸಲ ಬಳಸಲೇಬಾರದು. ಹೊಸ ಪಿಸ್ಟನ್, ರಾಡುಗಳ ತೂಕ ಬೇರೆಯಾದರೆ ಕ್ರ್ಯಾಂಕಿನ ಬ್ಯಾಲೆನ್ಸ್ ಮತ್ತೆ ಮಾಡಿಸಬೇಕು.

ಬಿಡಿಭಾಗ ಮತ್ತು ನಮ್ಮ ನಂಟು

ಎರಡನೇ ಮಹಾಯುದ್ಧ ಮುಗಿದ ಮೇಲೆ ಸೇನೆ ಬಿಟ್ಟುಹೋದ ಬಿಎಸ್‌ಎ ಎಂ20, ನಾರ್ಟನ್ 16ಎಚ್, ಮ್ಯಾಚ್‌ಲೆಸ್ ಜಿ3ಎಲ್‌ಗಳು ಭಾರತದಲ್ಲಿ ಬಹಳ ಕಾಲ ಓಡಿದವು, ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿ, ಊರೂರಿನ ಲೇತಿನ ಅಂಗಡಿ ಇಂಥ ಬೈಕುಗಳಿಗೆ ಆಸರೆಯಾದವು. ರೆಡ್ಡಿಚ್‌ನಲ್ಲಿ ಹುಟ್ಟಿದ ರಾಯಲ್ ಎನ್‌ಫೀಲ್ಡ್ ಬುಲೆಟ್ 1950ರ ದಶಕದಿಂದ ಮದ್ರಾಸಿನಲ್ಲಿ ತಯಾರಾಗತೊಡಗಿ, ತವರಿನ ಕಾರ್ಖಾನೆ ಮುಚ್ಚಿದ ಮೇಲೂ ಉಳಿಯಿತು. ಆ 346 ಸಿಸಿ ಹಳೆಯ ಬುಲೆಟ್ಟಿನ ಬಿಗ್ ಎಂಡಿನಲ್ಲೂ ರೋಲರ್ ಇಲ್ಲ, ತೇಲುವ ಬುಷ್ ಇದೆ. ಟೈಮಿಂಗ್ ಕವರಿನಿಂದ ಕ್ರ್ಯಾಂಕಿಗೆ ಎಣ್ಣೆ ದಾಟುವ ಜಾಗದಲ್ಲಿ ಒಂದು ಪುಟ್ಟ ಕಾರ್ಕ್ ಸೀಲ್. ಅದು ಸವೆದರೆ ಎಣ್ಣೆ ಪಕ್ಕಕ್ಕೆ ಸೋರಿ ಬಿಗ್ ಎಂಡ್ ಹೋಗುತ್ತದೆ. ಕೆಲವೇ ರೂಪಾಯಿಯ ಈ ಸೀಲನ್ನು ಕವರ್ ಬಿಚ್ಚಿದಾಗೆಲ್ಲ ಬದಲಿಸಿ ಎಂದು ಬುಲೆಟ್ ಇಟ್ಟವರಿಗೆಲ್ಲ ಹೇಳಬೇಕು.

ನಾರ್ಟನ್ 2020ರಿಂದ ಟಿವಿಎಸ್‌ನ ಒಡೆತನದಲ್ಲಿದೆ. ಬಿಎಸ್‌ಎ ಹೆಸರು ಮಹೀಂದ್ರಾ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಬಳಿ ಇದೆ. ಆದರೆ ಹಳೆಯ ಬೈಕಿನ ಬಿಡಿಭಾಗ ಇವರಿಂದ ಬರುವುದಿಲ್ಲ. ಅದಕ್ಕೆ ಆಂಡೋವರ್ ನಾರ್ಟನ್‌ನಂಥ ಬ್ರಿಟನ್ನಿನ ಪರಿಣತ ಸಂಸ್ಥೆಗಳೇ ಗತಿ. ಹುಡುಕುವವರಿಗೆ ಅಲ್ಲಿನ ಬೈಕು ಮಾಲೀಕರ ಕ್ಲಬ್ಬುಗಳು ದಾರಿ ತೋರಿಸುತ್ತವೆ.

ಟ್ಯಾಂಕ್ ತೊಳೆದು, ಮತ್ತೆ ಸ್ಟಾರ್ಟ್

ಒಡೆದ ಎಂಜಿನ್ನಿನ ಚೂರುಗಳು ಎಂಜಿನ್ನಿನಲ್ಲೇ ಉಳಿಯುವುದಿಲ್ಲ, ಮರಳುವ ಎಣ್ಣೆಯ ಜೊತೆ ಟ್ಯಾಂಕಿಗೂ ಹೋಗಿರುತ್ತವೆ. ಟ್ಯಾಂಕ್, ಜಾಲರಿ, ಪಂಪ್ ತೊಳೆದು, ರಬ್ಬರ್ ಪೈಪುಗಳನ್ನು ಹೊಸದು ಹಾಕಬೇಕು. 1971ರಿಂದ ಬಂದ ದೊಡ್ಡ ಬಿಎಸ್‌ಎ, ಟ್ರಯಂಫ್ ಟ್ವಿನ್‌ಗಳಲ್ಲಿ ಫ್ರೇಮಿನ ದಪ್ಪ ಕೊಳವೆಯೇ ಎಣ್ಣೆ ಟ್ಯಾಂಕ್. ಅದರ ಮೂಲೆಗಳಲ್ಲಿ ಕೂತ ಚೂರು ಒಂದು ಸಲ ಸೀಮೆಎಣ್ಣೆ ಸುರಿದರೆ ಬರುವುದಿಲ್ಲ. ಫ್ರೇಮನ್ನು ತಲೆಕೆಳಗು ಮಾಡಿ, ಸುರಿದ ಸೀಮೆಎಣ್ಣೆ ಬಿಳಿ ಬಟ್ಟೆಯಲ್ಲಿ ಶುಭ್ರವಾಗಿ ಬರುವವರೆಗೆ ತೊಳೆಯುತ್ತಲೇ ಇರಬೇಕು. ಮರಳುವ ಪೈಪಿಗೆ ಒಂದು ಕಾಗದದ ಫಿಲ್ಟರ್ ಜೋಡಿಸಿದರೆ ಸ್ಲಡ್ಜ್ ಟ್ರ್ಯಾಪಿಗೆ ಮುಂದೆ ಕೆಲಸ ಕಡಿಮೆ. ನಾರ್ಟನ್ ಇದನ್ನು 1972ರಿಂದ ಕಾರ್ಖಾನೆಯಲ್ಲೇ ಕೊಟ್ಟಿತು.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಪ್ಲಗ್ ಬಿಚ್ಚಿಟ್ಟು, ಟ್ಯಾಂಕಿಗೆ ಎಣ್ಣೆ ಮರಳುವವರೆಗೆ ಕಿಕ್ಕಿನಿಂದ ತಿರುಗಿಸಬೇಕು. ಸ್ಟಾರ್ಟ್ ಆದ ಮೇಲೆ ಬರೀ ಐಡ್ಲಿಂಗಿನಲ್ಲಿ ಬಿಡದೆ ತುಸು ವೇಗದಲ್ಲಿಟ್ಟರೆ ಕ್ಯಾಮ್‌ಗೆ ಎಣ್ಣೆ ಚೆನ್ನಾಗಿ ಸಿಗುತ್ತದೆ. ಎಂಜಿನ್ ತಣಿದ ಮೇಲೆ ಹೆಡ್ ಬೋಲ್ಟ್‌ಗಳ ಬಿಗಿತ, ವಾಲ್ವ್ ಸಂದಿ ಮತ್ತೆ ನೋಡಬೇಕು. ಕೆಲವು ನೂರು ಕಿಲೋಮೀಟರಿಗೇ ಮೊದಲ ಎಣ್ಣೆ ಬದಲಿಸಿ, ಇಳಿಸಿದ್ದನ್ನು ಮತ್ತೆ ಬಟ್ಟೆಯಲ್ಲಿ ಸೋಸಿ ನೋಡಬೇಕು. ಹೊಸ ರಿಂಗುಗಳ ನುಣ್ಣನೆ ಬೂದು ಪುಡಿ ಇದ್ದರೆ ಸಹಜ. ಕಣ್ಣಿಗೆ ಕಾಣುವ ಚೂರು ಸಿಕ್ಕರೆ ಮುಂದೆ ಓಡಿಸದೆ ಮತ್ತೆ ಬಿಚ್ಚಬೇಕು.